ಚಂಚಿಯೊಳಗಿನ ಚಾವಿ

ಕಾರನ್ನು ತೊಳೆಯಲು ಬಿಟ್ಟಾಗಲೆಲ್ಲ ನಾನು ಒಂದು ಮಾತು ಹೇಳಿಯೇ ಬರುತ್ತೇನೆ. ಸೀಟು ಒರೆಸಿ, ಗಾಜು ಒರೆಸಿ, ಬೇಕಾದರೆ ನನ್ನ ಮುಖವನ್ನೂ ಒರೆಸಿ. ಸ್ಟಾರ್ಟ್ ಮಾಡುವ ಗುಂಡಿಯ ಸುತ್ತ ಒಂದು ಬಿಳಿ ಕಲೆ ಇದೆಯಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ‘ಆತ್ರಿ ಸರ’ ಎನ್ನುತ್ತಾರೆ. ಆ ಕಲೆ ಸುಣ್ಣದ್ದು. ಎಲೆ ಅಡಿಕೆಗೆ ಹಚ್ಚುವ ಸುಣ್ಣ. ಕಾರಿನ ಗುಂಡಿಗೂ ಎಲೆಯ ಸುಣ್ಣಕ್ಕೂ ಎಲ್ಲಿಯ ನಂಟು ಎಂದು ನೀವು ನಗಬಹುದು. ನಾನೂ ನಗುತ್ತಲೇ ಬರೆಯಬೇಕೆಂದು ಕುಳಿತಿದ್ದೇನೆ, ಎಷ್ಟು ದೂರ ಸಾಗುತ್ತದೋ ನೋಡೋಣ.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ಆದಿಲಶಾಹಿಗಳ ಫಿರಂಗಿಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ, ಆದರೆ ಮನೆಯ ಮಿಕ್ಸರ್ ನಿಂತರೆ ಹೆಂಡತಿಯನ್ನು ಕೂಗುತ್ತೇನೆ. ಇಂಥವನು ಕಾರು ತೆಗೆದುಕೊಂಡಿದ್ದೇ ಒಂದು ವಿಪರೀತ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ಮಾರಿದ ಹಳೆಯ ಗಾಡಿ ಅದು. ಗೇರು ಬದಲಿಸುವ ಗೋಜಿಲ್ಲ, ಕೀಲಿಕೈ ತಿರುವುವ ಗೋಜಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಗುಂಡಿ ಒತ್ತಿದರೆ ಸಾಕು. ಕೀಲಿಕೈ ಎಂದು ಕೊಟ್ಟಿದ್ದು ಒಂದು ಕರಿಯ ಬಿಲ್ಲೆ. ಅದು ಗಾಡಿಯೊಳಗೆ ಯಾರ ಬಳಿಯಾದರೂ ಇದ್ದರೆ ಸಾಕು, ಗಾಡಿಗೆ ಗೊತ್ತಾಗುತ್ತದೆ. ಇಂಥದ್ದು ಎರಡು ಇರಬೇಕಂತೆ. ನಮಗೆ ಸಿಕ್ಕಿದ್ದು ಒಂದೇ. ‘ಇನ್ನೊಂದ ಎಲ್ಲೋ ಮನ್ಯಾಗ ಬಿದ್ದೈತ್ರಿ ಸರ, ಸಿಕ್ಕ ಕೂಡ್ಲೆ ಕಳಸ್ತೀನ್ರಿ’ ಎಂದಿದ್ದರು ವ್ಯಾಪಾರಿ. ಅದು ಅವರಿಗೆ ಇನ್ನೂ ಸಿಕ್ಕಿಲ್ಲ.

ಕೀಲಿಕೈ ಎಂದರೆ ನನಗೆ ಮೊದಲು ನೆನಪಾಗುವುದು ಅವ್ವನ ಸೊಂಟ. ಉಗಾರ ಬುದ್ರುಕದ ನಮ್ಮ ಮನೆಯ ಚಾವಿಗಳೆಲ್ಲ ಒಂದು ಗೊಂಚಲಾಗಿ ಅಲ್ಲಿ ತೂಗುತ್ತಿದ್ದವು. ಅವ್ವ ಹಿತ್ತಲಲ್ಲಿದ್ದಾಳೋ ಅಟ್ಟದ ಮೇಲಿದ್ದಾಳೋ ಎಂದು ಆ ಸಪ್ಪಳದಿಂದಲೇ ನಮಗೆ ತಿಳಿಯುತ್ತಿತ್ತು. ಬೆಲ್ಲದ ಖೋಲಿಯ ಚಾವಿ, ಶೇಂಗಾದ ಖೋಲಿಯ ಚಾವಿ, ದೇವರ ಸಾಮಾನಿನ ಪೆಟ್ಟಿಗೆಯ ಚಾವಿ. ಸ್ನಾನಕ್ಕೆ ಹೋದಾಗಲಾದರೂ ಬಿಚ್ಚಿಡುತ್ತಾಳೇನೋ ಎಂದು ನಾನೂ ತಮ್ಮ ಮಲ್ಲಪ್ಪನೂ ಬಚ್ಚಲ ಬಾಗಿಲಲ್ಲಿ ಕಾದದ್ದುಂಟು. ಒಳಗಿನಿಂದ ನೀರಿನ ಸದ್ದಿನ ಜೊತೆ ಚಾವಿಗಳ ಸದ್ದೂ ಬರುತ್ತಿತ್ತು. ನಾವು ಬೆಲ್ಲದ ಆಸೆ ಬಿಟ್ಟು ಆಡಲು ಹೋಗುತ್ತಿದ್ದೆವು.

ಆ ಗೊಂಚಲಿನಲ್ಲಿ ಬೀಗವೇ ಇಲ್ಲದ ಚಾವಿಗಳೂ ಇದ್ದವು. ಪೆಟ್ಟಿಗೆ ಮುರಿದು ಹೋಗಿತ್ತು, ಬಾಗಿಲು ಗೆದ್ದಲು ತಿಂದಿತ್ತು, ಚಾವಿ ಮಾತ್ರ ಉಳಿದಿತ್ತು. ‘ಇದ್ಯಾತರದ ಬೇ?’ ಎಂದು ಕೇಳಿದರೆ, ‘ನೆನಪಿಲ್ಲ. ಇರ್ಲಿ ಬಿಡು, ಅದೇನ ಅನ್ನ ಕೇಳತೈತೇನು?’ ಎನ್ನುತ್ತಿದ್ದಳು. ಸೊಂಟದ ಇನ್ನೊಂದು ಪಕ್ಕದಲ್ಲಿ ಅವಳ ಚಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಇವಕ್ಕೆಲ್ಲ ಬೇರೆ ಬೇರೆ ಖಾನೆಗಳಿದ್ದ ಬಟ್ಟೆಯ ಸಂಚಿ ಅದು. ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ತಾನೇ ಹೊಲಿದುಕೊಂಡಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವ್ವನ ಮೊಣಕಾಲು ಕೈಕೊಟ್ಟಿತು. ಔಷಧೋಪಚಾರಕ್ಕೆಂದು ಅವಳನ್ನು ಚಿಕ್ಕೋಡಿಗೆ ಕರೆತಂದೆ. ಹೊರಡುವ ದಿನ ಅವಳು ಮಲ್ಲಪ್ಪನ ಹೆಂಡತಿ ಸುವರ್ಣಾಳನ್ನು ಕರೆದು ಗೊಂಚಲು ಬಿಚ್ಚಿ ಕೈಗಿಟ್ಟಳು. ಯಾರೂ ಕೇಳಿರಲಿಲ್ಲ. ಬೀಗವಿಲ್ಲದ ಎರಡು ಮೂರು ಚಾವಿಗಳನ್ನು ಮಾತ್ರ ತೆಗೆದು ಚಂಚಿಯ ಒಳಗಿನ ಖಾನೆಗೆ ಹಾಕಿಕೊಂಡಳು. ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ.

ಚಿಕ್ಕೋಡಿಯ ನಮ್ಮ ಬಾಡಿಗೆ ಮನೆಯಲ್ಲಿ ಅವ್ವನಿಗೆ ಕೀಲಿ ಹಾಕುವಂಥದ್ದು ಏನೂ ಇರಲಿಲ್ಲ. ಬೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಂಗಾರ ಬ್ಯಾಂಕಿನಲ್ಲಿ. ಹೆಂಡತಿ ಶಾಂತಾ ಒಳ್ಳೆಯವಳೇ, ಅತ್ತೆಗೆ ಯಾವ ಕೆಲಸವನ್ನೂ ಹಚ್ಚುತ್ತಿರಲಿಲ್ಲ. ಅದೇ ಅವ್ವನಿಗೆ ಕಷ್ಟವಾಯಿತು. ಕುಳಿತಲ್ಲಿ ಕುಳಿತು, ಚಾವಿ ಇರುತ್ತಿದ್ದ ಜಾಗದಲ್ಲಿ ಕೈಯಾಡಿಸಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ‘ನಾ ಇಲ್ಲಿ ಯಾಕ ಅದೀನಿ ಅಂತ ನನಗs ತಿಳೀವಲ್ದೋ ತಮ್ಮಾ’ ಎಂದು ಒಂದು ದಿನ ಅಂದುಬಿಟ್ಟಳು. ಟಿವಿ ಹಚ್ಚಿಕೊಡಲೇ ಎಂದು ಕೇಳಿದೆ. ನನ್ನ ಜಾಣತನ ಅಷ್ಟೇ.

ಕಾರು ಬಂದದ್ದು ಆ ವರ್ಷವೇ. ಮೊದಲ ಪ್ರಯಾಣ ಮಂಗಸೂಳಿಯ ಮಲ್ಲಯ್ಯನಲ್ಲಿಗೆ. ಮನೆದೇವರಿಗೆ ತೋರಿಸದೆ ಚಕ್ಕಡಿಯನ್ನೂ ಹೂಡದ ಮನೆತನ ನಮ್ಮದು. ಗುಡಿಯ ಮುಂದೆ ಗಾಲಿಗಳಡಿಗೆ ಲಿಂಬೆಹಣ್ಣು ಇಟ್ಟರು, ಬಾನೆಟ್ಟಿನ ಮೇಲೆ ಭಂಡಾರದ ಅರಿಸಿನ ಚೆಲ್ಲಿದರು. ಕರಿಯ ಕಾರು ಹಳದಿಯಾಯಿತು. ‘ಚಾವಿ ಕೊಡ್ರಿ, ದೇವರ ಪಾದಕ್ಕ ಮುಟ್ಟಿಸೂನು’ ಎಂದ ಪೂಜಾರಿಯ ಕೈಗೆ ಬಿಲ್ಲೆ ಕೊಟ್ಟೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

‘ಇದೆಂಥಾ ಚಾವೀರಿ? ಹಲ್ಲs ಇಲ್ಲಲ್ರಿ ಇದಕ್ಕ!’

‘ಹಿಂಗs ಬರತಾವ್ರಿ ಈಗ’ ಎಂದೆ, ನಾನೇ ಮಾಡಿದವನಂತೆ.

ಪೂಜೆ ಮುಗಿದು ಪೂಜಾರಿ ಹೊರಗೆ ಬಂದಾಗ ಅವ್ವ ರೂಢಿಯಂತೆ ಸೆರಗೊಡ್ಡಿ ನಿಂತಿದ್ದಳು. ತೆಂಗಿನ ಹೋಳು, ಭಂಡಾರ, ಅದರ ಜೊತೆಗೆ ಬಿಲ್ಲೆಯೂ ಅವಳ ಸೆರಗಿಗೆ ಬಿತ್ತು. ನಾನು ಕಾರಿನಲ್ಲಿ ಕುಳಿತು, ಅವ್ವ ಹಿಂದೆ ಕುಳಿತದ್ದನ್ನು ನೋಡಿ, ಗುಂಡಿ ಒತ್ತಿದೆ. ಗಾಡಿ ಹೊರಟಿತು.

‘ಏ, ನಾ ಇನ್ನಾ ಚಾವಿ ಕೊಟ್ಟs ಇಲ್ಲ!’ ಎಂದು ಅವ್ವ ಗಾಬರಿಯಾದಳು.

‘ಕೊಡೂದ ಬ್ಯಾಡಬೇ. ನಿನ್ನ ಕಡೆ ಇದ್ರೂ ಸಾಕು. ನೀ ಒಳಗ ಕುಂತ್ರ ಗಾಡಿ ಚಾಲೂ ಆಗತೈತಿ.’

ಅವ್ವ ಸೆರಗಿನಿಂದ ಬಿಲ್ಲೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಇಕ್ಕೆಲದ ಕಬ್ಬು ದಾಟಿ ಹೊಳೆಯ ಸೇತುವೆ ಬಂದಾಗ ಕೇಳಿದಳು. ‘ನಾ ಕುಂದರದಿದ್ರ?’

‘ಆಗೂದಿಲ್ಲ.’

‘ಹಂಗಾರ ಇದು ನನ್ನ ಕಡೇನs ಇರ್ಲಿ. ದೇವರು ಸೆರಗಿನ್ಯಾಗ ಹಾಕಿದ್ದು ಹೊಳ್ಳಿ ಕೊಡಬಾರದು.’

ಹೀಗೆ ಬಿಲ್ಲೆ ಚಂಚಿಯ ಒಳಖಾನೆಗೆ, ಬೀಗವಿಲ್ಲದ ಚಾವಿಗಳ ಜೊತೆಗೆ ಸೇರಿತು. ನಾನು ಕಾಲೇಜಿಗೆ ನಡೆದೇ ಹೋಗುತ್ತಿದ್ದೆ, ಕಾರು ತಿರುಗಾಟಕ್ಕೆ ಮಾತ್ರ. ಇನ್ನು ಮೇಲೆ ಯಾವ ತಿರುಗಾಟವೂ ಅವ್ವನಿಲ್ಲದೆ ಆಗುವಂತಿರಲಿಲ್ಲ. ಸಂತೆಗೆ ಅವ್ವ, ಮದುವೆಗೆ ಅವ್ವ, ನನ್ನ ಹಲ್ಲು ಕೀಳಿಸಲು ಹೋದಾಗಲೂ ಅವ್ವ. ‘ನೀವು ಗಾಡಿ ತಗೊಂಡೀರೋ, ಪಾಲಕಿ ತಗೊಂಡೀರೋ?’ ಎಂದು ಶಾಂತಾ ಕೇಳುತ್ತಿದ್ದಳು. ಆದರೆ ಹೊರಡುವ ಹೊತ್ತಿಗೆ ‘ಅತ್ತಿ, ನಡೀರಿ, ನೀವು ಬರದ ಹೊಂಡೂದಿಲ್ಲಂತ ಅದು’ ಎಂದು ಕರೆಯುತ್ತಿದ್ದವಳೂ ಅವಳೇ. ಅವ್ವ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದಳು. ಮುಖದಲ್ಲಿ ಮಾತ್ರ ನೋವಿರುತ್ತಿರಲಿಲ್ಲ.

ರಾಯಬಾಗದಲ್ಲಿ ಒಂದು ಮದುವೆ. ಅವ್ವ ಮತ್ತು ಶಾಂತಾಳನ್ನು ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಇಳಿಸಿ, ಕಾರನ್ನು ದೂರದ ಬೇವಿನ ಗಿಡದಡಿ ನಿಲ್ಲಿಸಿ ಬಂದೆ. ಉಂಡು, ಎಲೆ ಹಾಕಿಕೊಂಡು, ಗಾಡಿ ತರಲು ಹೋದರೆ ಅದು ಏಳಲೊಲ್ಲದು. ಗುಂಡಿ ಒತ್ತಿದರೆ ಕುಂಯ್ ಎನ್ನುತ್ತದೆ, ಸುಮ್ಮನಾಗುತ್ತದೆ. ಗಾಡಿ ನಿಂತಿತೆಂದರೆ ನಮ್ಮ ಕಡೆ ಜನರಿಗೆ ಬರವೇ? ಕ್ಷಣದಲ್ಲಿ ನಾಲ್ಕಾರು ಮಂದಿ ಸುತ್ತುವರಿದರು.

‘ಬ್ರೇಕ್ ಗಟ್ಟಿ ಒತ್ರಿ ಸರ. ಹಂಗಲ್ರಿ, ಗಟ್ಟಿ!’

‘ಗೇರ್ ನೋಡ್ರಿ, ಪಾರ್ಕಿಂಗಿನ್ಯಾಗ ಐತೇನು?’

‘ಬ್ಯಾಟರಿ ಹೋಗೇತಿ, ಮತ್ತೇನಿಲ್ಲ. ಬಾನೆಟ್ ಎತ್ರಿ.’

‘ಇಲ್ಲ ಮಾರಾಯಾ, ಲೈಟ ಹತ್ತಾಕತ್ತಾವು, ಬ್ಯಾಟರಿ ಹೆಂಗ ಹೋಗತೈತಿ? ಸ್ಟೇರಿಂಗ್ ಲಾಕ್ ಆಗಿರಬೇಕು. ಹೊಳ್ಳಸ್ರಿ.’

ನಾನು ಒತ್ತಿದೆ, ನೋಡಿದೆ, ಎತ್ತಿದೆ, ಹೊಳ್ಳಿಸಿದೆ. ಬಿಲ್ಲೆಯ ನೆನಪು ಮಾತ್ರ ಬರಲಿಲ್ಲ. ಕೊನೆಗೆ ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಬೀಡಿ ಚೆಲ್ಲಿ, ‘ದೂಡ್ರಿ ಅತ್ತಾಗ’ ಎಂದರು. ಇಂಥ ಗಾಡಿಯನ್ನು ದೂಡಿ ಚಾಲೂ ಮಾಡಲು ಬರುವುದಿಲ್ಲ ಎಂದು ನಾನು ವಿವರಿಸುವ ಮೊದಲೇ ದೂಡುವವರು ತೋಳು ಏರಿಸಿದ್ದರು. ಅಷ್ಟರಲ್ಲಿ ಅವ್ವ ಎಲೆ ಮೆಲ್ಲುತ್ತ, ಶಾಂತಾಳ ತೋಳು ಹಿಡಿದು, ನಿಧಾನ ನಡೆದು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತು, ಸೆರಗು ಸರಿಮಾಡಿಕೊಂಡು, ‘ಹೂಂ’ ಎಂದಳು. ನಾನು ಒತ್ತಿದೆ. ಗಾಡಿ ಚಾಲೂ ಆಯಿತು. ಪಟಕಾದ ಹಿರಿಯರು ಅವ್ವನಿಗೆ ಕೈಮುಗಿದೇಬಿಟ್ಟರು.

ಊರು ದಾಟಿದ ಮೇಲೆ ಅವಳು ಕೇಳಿದಳು. ‘ನಾ ಇಲ್ದ ಹೊಂಡೂದಿಲ್ಲ, ಅಲ್ಲೇನು?’

‘ಇಲ್ಲಬೇ.’

ಆಮೇಲೆ ಪ್ರತಿ ಪ್ರಯಾಣದಲ್ಲೂ ಈ ಪ್ರಶ್ನೆ ಒಮ್ಮೆ ಬರುತ್ತಿತ್ತು. ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಕೇಳಬೇಕು, ನಾನು ಹೇಳಬೇಕು. ಬೇಸರವಾದ ದಿನವೂ ನಾನು ತಪ್ಪದೆ ಹೇಳಿದ್ದೇನೆ ಎಂಬುದೊಂದೇ ಈಗ ನನಗೆ ಸಮಾಧಾನ.

ಮರುವರ್ಷದ ಮಳೆಗಾಲದಲ್ಲಿ, ಅವ್ವ ಒಳಗೆ ಕುಳಿತಿದ್ದರೂ ಗಾಡಿ ಹೊರಡದಾಯಿತು. ಅವಳು ಹೆದರಿದ್ದು ನೋಡಬೇಕಿತ್ತು ನೀವು. ‘ನಂದೇನರ ತಪ್ಪಾತೇನೋ?’ ಎಂದು ಕೇಳಿದಳು. ಮೆಕ್ಯಾನಿಕ್ಕನನ್ನು ಮನೆಗೆ ಕರೆತಂದೆ. ಆತ ಬಿಲ್ಲೆಯನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದು ತೋರಿಸಿದ. ಒಳಗೆ ಸುಣ್ಣ, ತಂಬಾಕಿನ ಪುಡಿ, ಮಂಗಸೂಳಿಯ ಭಂಡಾರ ಎಲ್ಲ ಕೂಡಿ ಕೆಸರಾಗಿತ್ತು.

‘ಸರ, ಇದೇನ್ ಚಾವೀನೋ, ಎಲಿಪಟ್ಟೀನೋ?’

ಒರೆಸಿ, ಹೊಸ ಸೆಲ್ ಹಾಕಿ ನೋಡಿದ. ಸುಣ್ಣ ಒಳಗಿನ ತಂತಿಗಳನ್ನು ತಿಂದು ಹಾಕಿತ್ತು. ಹೊಸದನ್ನು ತರಿಸುವವರೆಗೆ ಒಂದು ಉಪಾಯ ಹೇಳಿಕೊಟ್ಟ. ಬಿಲ್ಲೆಯನ್ನು ಸ್ಟಾರ್ಟ್ ಗುಂಡಿಗೇ ಮುಟ್ಟಿಸಿ ಹಿಡಿದು ಒತ್ತಬೇಕು, ಆಗ ಗಾಡಿ ಗುರುತು ಹಿಡಿಯುತ್ತದೆ. ಬಾಗಿಲ ಕೀಲಿ ತೆಗೆಯಲು ಬಿಲ್ಲೆಯ ಹೊಟ್ಟೆಯೊಳಗಿಂದ ಒಂದು ಸಣ್ಣ ಲೋಹದ ಚಾವಿಯನ್ನೂ ಎಳೆದು ತೋರಿಸಿದ. ಅದನ್ನು ಕಂಡು ಅವ್ವನ ಮುಖ ಅರಳಿತು. ‘ನೋಡು, ಹಲ್ಲ ಅದಾವ ಇದಕ್ಕ! ಪೂಜಾರಿಗೆ ತೋರಸ್ಬೇಕಿತ್ತು.’

ಹೊಸ ಬಿಲ್ಲೆ ತರಿಸುವ ಮಾತು ಅಲ್ಲಿಗೇ ಬಿತ್ತು. ಅವ್ವ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದಳು, ಶಾಂತಾ ಹಿಂದೆ ಹೋದಳು. ಅವ್ವ ಬಿಲ್ಲೆಯನ್ನು ಹೊರಗೆ ತೆಗೆಯುತ್ತಿರಲಿಲ್ಲ. ಸೊಂಟದಿಂದ ಚಂಚಿ ಬಿಚ್ಚಿ, ಮುಂದೆ ಬಾಗಿ, ಇಡೀ ಚಂಚಿಯನ್ನೇ ಗುಂಡಿಗೆ ಆನಿಸುತ್ತಿದ್ದಳು. ‘ನಾ ಮುಟ್ಟಸ್ತೀನಿ, ನೀ ಒತ್ತು.’ ಅವಳ ಕೈಯ ಕೆಳಗಿನಿಂದ ನಾನು ಬೆರಳು ತೂರಿಸಿ ಒತ್ತುತ್ತಿದ್ದೆ. ಗಾಡಿ ಎದ್ದೊಡನೆ ಚಂಚಿಯನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದಳು. ಗುಂಡಿಯ ಸುತ್ತಲಿನ ಬಿಳಿ ಕಲೆ ಆಗಿನದು.

ಇಷ್ಟರವರೆಗೆ ನಗುತ್ತ ಬಂದೆ. ಮುಂದೆ ಆಗುವುದಿಲ್ಲ.

ಆ ಚಳಿಗಾಲದಲ್ಲಿ ಅವ್ವನಿಗೆ ಉಸಿರು ಕಟ್ಟತೊಡಗಿತು. ಮಿರಜಿನ ಆಸ್ಪತ್ರೆಗೆ ಒಯ್ದೆವು. ಚಂಚಿ ಮುಟ್ಟಿಸಿ ಗಾಡಿ ಹೊರಡಿಸಿದವಳು ಅವಳೇ. ಅಲ್ಲಿ ನರ್ಸ್ ಅವಳ ಮೈಮೇಲಿದ್ದ ಬೋರಮಾಳ ಸರ, ಬೆಳ್ಳಿಯ ಬಳೆ, ಚಂಚಿ ಎಲ್ಲ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಮಾಸಿದ ಹಸಿರು ಅಂಗಿ ತೊಡಿಸಿ ಮಲಗಿಸಿದರು. ಅವ್ವನ ಕೈ ಮಾತ್ರ ಸೊಂಟದ ಮೇಲೆ ಏನನ್ನೋ ಹುಡುಕುತ್ತಲೇ ಇತ್ತು.

ಒಂದು ದಿನ ಶಾಂತಾಳನ್ನು ಅವಳ ಹತ್ತಿರ ಬಿಟ್ಟು ಹಾಸಿಗೆ ಬಟ್ಟೆ ತರಲು ನಾನು ಚಿಕ್ಕೋಡಿಗೆ ಹೋಗಬೇಕಾಯಿತು. ಚಂಚಿಯನ್ನು ಅಂಗಿಯ ಜೇಬಿನಲ್ಲಿ ತುರುಕಿಕೊಂಡು ಕಾರಿಗೆ ಹೋದೆ. ಗುಂಡಿಗೆ ಮುಟ್ಟಿಸಿ ಒತ್ತಿದೆ. ಗಾಡಿ ಹೊರಟಿತು. ಹೊರಡಬಾರದಿತ್ತು ಎಂದು ನನಗೆ ಅನ್ನಿಸಿತು. ದಾರಿಯುದ್ದಕ್ಕೂ ಪಕ್ಕದ ಖಾಲಿ ಸೀಟಿನ ಕಡೆ ನೋಡಲಾಗಲಿಲ್ಲ.

ಸಂಜೆ ತಿರುಗಿ ಬಂದಾಗ ಅವ್ವ ಎಚ್ಚರವಾಗಿದ್ದಳು. ಮೂಗಿಗೆ ಹಚ್ಚಿದ್ದ ನಳಿಗೆಯನ್ನು ಸರಿಸಿ ಮೆಲ್ಲಗೆ ಕೇಳಿದಳು. ‘ಮನಿಗೆ ಹೆಂಗ ಹೋಗಿದ್ದಿ? ಗಾಡಿ ಹೊಂಟ್ತೇನು?’

‘ಎಲ್ಲಿ ಹೊಂಡತೈತಿಬೇ, ನೀ ಇಲ್ದ? ಬಸ್ಸಿಗೆ ಹೋಗಿ ಬಂದೆ.’

ಅವಳು ನನ್ನನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ‘ಪಾಪ, ಬಸ್ಸಿನ್ಯಾಗ ಗದ್ದಲ ಇತ್ತೇನು?’ ಎಂದಳು. ನೀರು ತರುತ್ತೇನೆಂದು ಹೊರಗೆ ಬಂದೆ. ವರಾಂಡದ ದೀಪದ ಕೆಳಗೆ ನನ್ನ ಅಂಗಿಯ ಜೇಬು ಕಣ್ಣಿಗೆ ಬಿತ್ತು. ಅದರ ಮೇಲೆ ರೂಪಾಯಿ ಅಗಲದ ಸುಣ್ಣದ ಕಲೆ. ಅವ್ವ ಅದನ್ನು ನೋಡಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಿದ್ದರೆ, ತಾನಿಲ್ಲದೆಯೂ ಗಾಡಿ ಹೋಗುತ್ತದೆ ಎಂದು ತಿಳಿದುಕೊಂಡೇ ಮಲಗಿದಳು. ಈ ಯೋಚನೆ ಬಂದಾಗಲೆಲ್ಲ ನನಗೆ ಅನ್ನ ಸೇರುವುದಿಲ್ಲ.

ಡಾಕ್ಟರು ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ‘ಚಿಕ್ಕೋಡಿ ಬ್ಯಾಡ, ಉಗಾರಕ್ಕ ನಡಿ’ ಎಂದಳು ಅವ್ವ. ಹೊರಡುವಾಗ ಶಾಂತಾ ಅವಳಿಗೆ ಸೀರೆ ಉಡಿಸಿ, ‘ಅತ್ತೀದು ಸೊಂಟ ಬರೇದs ಕಾಣತೈತ್ರಿ’ ಎಂದು ನನ್ನಿಂದ ಚಂಚಿ ಇಸಿದುಕೊಂಡು ಸಿಕ್ಕಿಸಿದಳು. ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಅವ್ವನನ್ನು ಮಲಗಿಸಿದೆವು. ಅವಳ ಕೈಗೆ ಚಂಚಿ ಹಿಡಿಸಿ, ಕೈಯನ್ನು ನಾನೇ ಎತ್ತಿ ಗುಂಡಿಗೆ ಮುಟ್ಟಿಸಿದೆ. ‘ಒತ್ತು’ ಎಂದಳು. ಆ ಪ್ರಯಾಣದಲ್ಲಿ ಅವಳು ತನ್ನ ಪ್ರಶ್ನೆ ಕೇಳಲಿಲ್ಲ. ಕೇಳಲಿ ಎಂದು ನಾನು ಊರು ಮುಟ್ಟುವವರೆಗೂ ಕಾದೆ.

ಮರುದಿನ ಬೆಳಗ್ಗೆ ಅವ್ವ ಹೋದಳು.

ನಮ್ಮಲ್ಲಿ ಹೂಳುವುದು ರೂಢಿ. ಹೊಳೆಯ ಕಡೆಯ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಕುಣಿ ತೋಡಿಸಿದರು. ಎಲೆ ಹಾಕುತ್ತಿದ್ದವರಿಗೆ ಚಂಚಿ ತುಂಬಿ ಜೊತೆಗೆ ಕೊಟ್ಟು ಕಳಿಸುವುದು ನಮ್ಮ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿ. ಸುವರ್ಣಾ ಅಳುತ್ತಲೇ ಹೊಸ ಎಲೆ, ಅಡಿಕೆ ಇಟ್ಟು, ಸುಣ್ಣದ ಡಬ್ಬಿ ತುಂಬಿಸಿದಳು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ ಹಚ್ಚಿ ಕೂಡಿಸಿದ ಅವ್ವನ ಮಡಿಲಲ್ಲಿ ಚಂಚಿ ಇಟ್ಟರು. ನಾನು ಮೊದಲ ಹಿಡಿ ಮಣ್ಣು ಹಾಕಿದೆ.

ತಿರುಗಿ ಬಂದು, ಸ್ನಾನ ಮಾಡಿ, ದೀಪ ನೋಡಿ ಕಟ್ಟೆಯ ಮೇಲೆ ಕುಳಿತಿದ್ದೆವು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಓಣಿಯ ಬಾಯಲ್ಲಿ ನಿಂತಿತು. ‘ಅಣ್ಣಾ, ಗಾಡಿ ಸ್ವಲ್ಪ ಬಾಜೂಕ ತಗಿ, ಅವ ಹೋಗ್ಲಿ’ ಎಂದ ಮಲ್ಲಪ್ಪ. ಎದ್ದು ಹೋಗಿ ಕಾರಿನಲ್ಲಿ ಕುಳಿತು ಗುಂಡಿ ಒತ್ತಿದೆ. ಕುಂಯ್ ಎಂದಿತು. ಮತ್ತೆ ಒತ್ತಿದೆ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಬ್ರೇಕ್ ಒತ್ತು ಎಂದರು, ಬ್ಯಾಟರಿ ಎಂದರು, ಸ್ಟೇರಿಂಗ್ ಎಂದರು. ಅಪ್ಪನ ತಮ್ಮ ಶಿವಗೊಂಡ ಕಾಕಾ, ‘ದೂಡೂನು ತಡೀರಿ’ ಎಂದ. ನನ್ನ ಎಡಗೈ ತಾನಾಗಿಯೇ ಪಕ್ಕದ ಸೀಟಿಗೆ ಚಾಚಿತ್ತು.

‘ಚಾವಿ ಎಲ್ಲೈತಿ ಅಣ್ಣಾ?’ ಎಂದು ಮಲ್ಲಪ್ಪ ಕೇಳಿದ.

‘ಅವ್ವನ ಕಡೆ ಐತಿ’ ಎಂದೆ.

ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು. ‘ಒಳಗಿನ ಖಾನೆದಾಗ ಚಾವಿ ಕೈಗೆ ಹತ್ತಿದ್ದೂರಿ ಭಾವಾ. ಆಕೀವು ಹಳೀ ಚಾವಿ, ಆಕಿ ಕೂಡ ಹೋಗ್ಲಿ ಅಂತ ಬಿಟ್ಟೆ’ ಎಂದು ಮತ್ತೆ ಅಳತೊಡಗಿದಳು. ಕಾಕಾ ಹೊಲದ ಕಡೆ ನೋಡಿದ.

‘ಇನ್ನಾ ಮಣ್ಣ ಹಸೀನs ಐತಿ...’

‘ಏನ್ ಕಾಕಾ, ಗಾಡಿ ಸಂಬಂಧ ಅವ್ವನ್ನ ಎಬ್ಬಸೂನೇನು?’ ಎಂದ ಮಲ್ಲಪ್ಪ. ಕಾಕಾ ತಲೆ ತಗ್ಗಿಸಿದ. ಟ್ರ್ಯಾಕ್ಟರಿನವನು ತಾನಾಗಿಯೇ ಹಿಂದೆ ಸರಿದು ಬೇರೆ ದಾರಿ ಹಿಡಿದು ಹೋದ.

ಎಲ್ಲರೂ ಒಳಗೆ ಹೋದ ಮೇಲೂ ನಾನು ಕಾರಿನಲ್ಲೇ ಕುಳಿತಿದ್ದೆ. ಗಾಜಿನ ಸಂದಿಯಲ್ಲಿ ಇನ್ನೂ ಒಂದಿಷ್ಟು ಭಂಡಾರ ಉಳಿದಿತ್ತು. ದುಃಖ ತಡೆಯಲಾಗಲಿಲ್ಲ. ಆದರೂ, ಹೇಳಿದರೆ ನಂಬುತ್ತೀರೋ ಇಲ್ಲವೋ, ಆಸ್ಪತ್ರೆಯಲ್ಲಿ ನಾನು ಆಡಿದ ಸುಳ್ಳು ಕೊನೆಗೂ ನಿಜವಾಯಿತಲ್ಲ ಎಂದು ಎದೆಯೊಳಗೆ ಏನೋ ಸ್ವಲ್ಪ ಹಗುರಾಯಿತು. ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ. ಗಾಡಿ ಏಳಲಿಲ್ಲ. ‘ಇಲ್ಲಬೇ, ಹೊಂಡವಲ್ದು’ ಎಂದೆ, ಅವಳು ಕೇಳದೆ ಬಿಟ್ಟಿದ್ದ ಪ್ರಶ್ನೆಗೆ.

ಕಂಪನಿಯವರು ಬಂದು ಹೊಸ ಬಿಲ್ಲೆ ಮಾಡಿಕೊಟ್ಟದ್ದು ಬಹಳ ದಿನಗಳ ಮೇಲೆ. ಅಲ್ಲಿಯವರೆಗೆ ಕಾರು ಉಗಾರದ ಮನೆಯ ಮುಂದೆಯೇ ನಿಂತಿತ್ತು. ಅವ್ವನ ದಿನಕಾರ್ಯಗಳು ಮುಗಿದ ಮರುದಿನ ನಾನು ಚಿಕ್ಕೋಡಿಗೆ ಬಸ್ಸಿಗೇ ಹೋದೆ. ಕೂಡಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಹೋದೆ.

ಹೌದಬೇ ಯವ್ವಾ, ಗದ್ದಲ ಭಾಳ ಇತ್ತು.